ಮೂರನೆಯ ಕೂಗು

ಮಾಳಪ್ಪ ಕಾಕಾ ಬೆಕ್ಕನ್ನು ಕರೆದರೂ ಮೂರು ಸಲ ಕರೆಯುತ್ತಿದ್ದರು. ಮೊದಲ ಕೂಗಿಗೇ ಅದು ಓಡಿಬಂದು ಅವರ ಧೋತರಕ್ಕೆ ಮೈ ತಿಕ್ಕುತ್ತ ನಿಂತಿದ್ದರೂ, ಉಳಿದೆರಡು ಕೂಗು ಮುಗಿಯದೆ ತಟ್ಟೆಗೆ ಹಾಲು ಬೀಳುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ನನ್ನನ್ನು ಚಹಾಕ್ಕೆ ಕರೆಯುವಾಗಲೂ ಅಷ್ಟೇ. "ಮಾಸ್ತರಬಾಯಿ" ಎಂದು ಅಂಗಳದಿಂದ ಒಂದು ಕೂಗು. ನಾನು "ಬಂದೆ ಕಾಕಾ" ಎನ್ನುತ್ತ ಮೆಟ್ಟಿಲಿಳಿಯುವಾಗ ಎರಡನೆಯದು. ಎದುರಿಗೆ ಬಂದು ನಿಂತ ಮೇಲೆ, ನನ್ನ ಮುಖ ನೋಡುತ್ತಲೇ, ಮೂರನೆಯದು. ಆಮೇಲೆ "ಹಾಜರ್" ಎಂದು ನನ್ನ ಪರವಾಗಿ ತಾವೇ ಹೇಳಿ ನಗುತ್ತಿದ್ದರು.

ಅವರು ಮರಾಠಿ ಸೀಮೆಯ ನಿಲಂಗಾದ ಕೋರ್ಟಿನಲ್ಲಿ ಪಟ್ಟೇವಾಲಾ ಆಗಿದ್ದು ನಿವೃತ್ತರಾದವರು. ನ್ಯಾಯಾಧೀಶರ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿಗಳ ಹೆಸರು ಕೂಗುವುದು ಅವರ ಕೆಲಸ. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಕೊನೆಗೆ ಮರಾಠಿಯಲ್ಲಿ "ಹಾಜರ್ ಆಹೇತ್ ಕಾ" ಎಂಬ ಪ್ರಶ್ನೆ: ಹಾಜರಿದ್ದಾರೆಯೇ ಎಂದು. ಉಳಿದವರು "ಆಹೇ ಕಾ" ಎಂದು ಏಕವಚನದಲ್ಲಿ ಮುಗಿಸುತ್ತಿದ್ದರಂತೆ. ಕಾಕಾ ಮಾತ್ರ ಕುರಿ ಕದ್ದು ಸಿಕ್ಕಿಬಿದ್ದವನಿಗೂ ಬಹುವಚನ ಕೊಡುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಒಬ್ಬರ ಹೆಸರ ಹಿಡದು ಕರೆಯೋದಂದ್ರ ಅವರ ಮನಿ ಬಾಗಲ ಬಡದಂಗ. ಜರಾ ಅದಬ್, ಮರ್ಯಾದಿ ಇರಬೇಕು" ಎಂದಿದ್ದರು.

ಆ ಗಂಟಲು ಕೋರ್ಟು ಕೊಟ್ಟದ್ದಲ್ಲ, ಕುರಿಗಳು ಕೊಟ್ಟದ್ದು. ವಲಾಂಡಿಯ ಕುರುಬರ ಮನೆ ಅವರದು, ಬೀರಪ್ಪನ ಒಕ್ಕಲು. ಹುಡುಗನಾಗಿದ್ದಾಗ ಚದುರಿದ ಹಿಂಡನ್ನು ಈ ದಿಬ್ಬದಿಂದ ಕೂಗಿ ಆ ದಿಬ್ಬದಿಂದ ತಿರುಗಿಸುತ್ತಿದ್ದರಂತೆ. ಹೊಲದ ತಕರಾರು ನೋಡಲು ಬಂದ ನಿಲಂಗಾದ ವಕೀಲರೊಬ್ಬರು ಅದನ್ನು ಕೇಳಿ, ಈ ಹುಡುಗನನ್ನು ಕೋರ್ಟಿಗೆ ಕಳಿಸಿ ಎಂದರು. ಆಗ ಅವರ ಅಪ್ಪ ಹೇಳಿದ ಮಾತನ್ನು ಕಾಕಾ ಎಲ್ಲರಿಗೂ ಹೇಳುತ್ತಿದ್ದರು: "ಕುರಿ ಕೂಗಿದ್ರ ಬರ್ತಾವ. ಮಂದಿ ಬರ್ತಾರೇನು?"

ಎಷ್ಟೋ ಮಂದಿ ಬರುತ್ತಿರಲಿಲ್ಲ. ಮೂರು ಕೂಗಿಗೂ ಯಾರೂ ಎದ್ದು ಬರದಿದ್ದರೆ ಆಸಾಮಿ ಗೈರಹಾಜರ್ ಎಂದು ಬರೆದುಕೊಳ್ಳುತ್ತಾರೆ; ಮುಂದಿನದೆಲ್ಲ ಅವನಿಲ್ಲದೆ ನಡೆದುಹೋಗುತ್ತದೆ. ಆದ್ದರಿಂದ ಕಾಕಾ ಎರಡನೆಯ ಕೂಗಿಗೂ ಮೂರನೆಯದಕ್ಕೂ ನಡುವೆ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು. ಸಾಹೇಬರು ಒಳಗಿನಿಂದ ಗದರಿದರೂ ಜಗ್ಗುತ್ತಿರಲಿಲ್ಲ.

"ಎರಡನೇದರ ಮ್ಯಾಲ ನಾ ಜರಾ ಕೆಮ್ಮತಿದ್ದೆ, ಟೊಪಗಿ ಸರಿ ಮಾಡ್ಕೋತಿದ್ದೆ. ಚಾ ಕುಡೀಲಕ ಹೋಗಿರ್ತಾನ, ಇಲ್ಲಾ ವಕೀಲನ್ನ ಹುಡುಕ್ಲತ್ತಿರ್ತಾನ. ಬರ್ತಾನ. ಮೂರನೇದು ಒಮ್ಮೆ ಬಾಯಿಂದ ಹೊಂಟ್ರ ತಿರುಗಿ ಬರಂಗಿಲ್ಲ, ಮಾಸ್ತರಬಾಯಿ."

ನಾನು ಭಾಲ್ಕಿಯವಳು. ನಿಲಂಗಾದ ಕಾಲೇಜೊಂದರಲ್ಲಿ ಕರಾರಿನ ಮೇಲೆ ರಸಾಯನಶಾಸ್ತ್ರ ಕಲಿಸಲು ಬಂದಾಗ ಆ ಮನೆಯನ್ನು ಆರಿಸಿಕೊಂಡದ್ದು ಅಲ್ಲಿ ಕನ್ನಡ ಕೇಳಿಸಿತೆಂಬ ಒಂದೇ ಕಾರಣಕ್ಕೆ. ನನಗೆ ಯಾರೊಂದಿಗೂ ಬೇಗ ಬೆರೆತು ಅಭ್ಯಾಸವಿಲ್ಲ. ಆದರೂ ಭಾನುವಾರ ಬೆಳಿಗ್ಗೆ ನಾನು ಕಾಕಾ ಮತ್ತು ಅವರ ಹೆಂಡತಿ ಕಾಕುವಿನ ಜೊತೆ ಬಗೀಚೆಗೆ ಹೋಗುವುದು ಹೇಗೋ ರೂಢಿಯಾಯಿತು. ನಿವೃತ್ತಿಯಾದವರಿಗೆ ಎಲ್ಲ ದಿನವೂ ರಜೆ. ಆದರೆ ಕಾಕಾ ಭಾನುವಾರ ಮಾತ್ರ ತಿರುಗಾಡಲು ಹೋಗುತ್ತಿದ್ದರು. ಬೇರೆ ದಿನ ಹೋದರೆ ಕೆಲಸ ತಪ್ಪಿಸಿದ ಹಾಗಾಗುತ್ತದೆ ಎನ್ನುತ್ತಿದ್ದರು.

ಬಗೀಚೆ ಬಸ್‌ಸ್ಟ್ಯಾಂಡಿಗೆ ಅಂಟಿಕೊಂಡಿತ್ತು. ಎರಡು ಗೇಟು: ಒಂದು ಬಸ್‌ಸ್ಟ್ಯಾಂಡಿನ ಕಡೆಗೆ, ಇನ್ನೊಂದು ಕೋರ್ಟಿನ ಕಡೆಗೆ. ಬೇವಿನ ಮರಗಳ ಕೆಳಗೆ ಸುತ್ತು ಹಾಕಿಬರುವ ಒಂದು ಹಾದಿ, ತುಕ್ಕು ಹಿಡಿದ ಜೋಕಾಲಿ, ಕೆಲವು ಸಿಮೆಂಟಿನ ಬೆಂಚು. ಕಾಕಾ ಮುಂದೆ, ನಾಲ್ಕು ಹೆಜ್ಜೆ ಹಿಂದೆ ಕಾಕು, ಅವರ ಪಕ್ಕದಲ್ಲಿ ನಾನು. ಕಾಕಾ ಒಮ್ಮೆಯೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನಡುವೆ ಏನಾದರೂ ಹೇಳಬೇಕೆನಿಸಿದರೆ ಮುಂದಿನ ಗಾಳಿಗೆ ಹೇಳುತ್ತಿದ್ದರು. ಹಿಂದಿನಿಂದ ಕಾಕು "ಹೂಂ ರೀ" ಎನ್ನುತ್ತಿದ್ದರು. ಒಮ್ಮೆ ನಾನು, ಜೊತೆಯಲ್ಲೇ ನಡೆಯಬಾರದೇ ಕಾಕಾ, ಎಂದೆ. "ಹಿಂದ ಆಕಿ ಅದಾಳಂತ ಗೊತ್ತದಲ್ಲ. ಮತ್ತ ಯಾಕ ನೋಡಬೇಕು?" ಎಂದರು. ಕಾಕು ಸೆರಗಿನಲ್ಲಿ ನಕ್ಕು ನನ್ನ ಕಿವಿಯಲ್ಲಿ, "ನೋಡಿದ್ರ ಕುತಿಗಿ ಹೊಳ್ಳತದಂತ" ಎಂದರು.

ಒಂದು ಸುತ್ತು ಮುಗಿಸಿ ಬೇವಿನ ಕೆಳಗಿನ ಬೆಂಚಿಗೆ ಬಂದರೆ ಕಾಕು ಸ್ಟೀಲಿನ ಡಬ್ಬಿ ತೆರೆಯುತ್ತಿದ್ದರು. ಯಾವಾಗಲೂ ಸುಸ್ಲಾ. ನೆನೆಸಿ ಹಿಂಡಿದ ಚುರುಮುರಿಗೆ ಹಸಿಮೆಣಸಿನಕಾಯಿ ಒಗ್ಗರಣೆ, ಮೇಲೆ ಪುಠಾಣಿ ಹಿಟ್ಟು, ನಿಂಬೆಹಣ್ಣು. ಗೇಟಿನ ಹೊರಗಿನ ಗಾಡಿಯಿಂದ ಕಾಕಾ ಬಿಸಿ ಭಜಿ ತರುತ್ತಿದ್ದರು. ಸುಸ್ಲಾದ ವಿಷಯದಲ್ಲಿ ಅವರು ಸಾಹೇಬರಿಗಿಂತ ಕಠಿಣ. ಚುರುಮುರಿ ಹೆಚ್ಚು ನೆನೆದರೆ ಒಂದು ತೀರ್ಪು, ನಿಂಬೆ ಸಾಲದಿದ್ದರೆ ಇನ್ನೊಂದು.

ಒಂದು ಭಾನುವಾರ ಮೊದಲ ತುತ್ತಿಗೇ ಅವರು ಮುಖ ಕಿವಿಚಿ, ಉಪ್ಪು ಯಾರ ಮನೆಗೆ ಕೊಟ್ಟು ಬಂದಿದ್ದೀ ಎಂದು ಕಾಕುವನ್ನು ಗದರಿಸಿದರು. ನನಗೆ ಮುಜುಗರವಾಯಿತು. ಆದರೆ ಕಾಕು ಸೊಂಟದ ಸಂಚಿಯಿಂದ ಉಪ್ಪಿನ ಪುಡಿಕೆ ತೆಗೆದರು. ಸಿದ್ಧವಾಗಿಯೇ ಇಟ್ಟುಕೊಂಡಿದ್ದರು. ಉಪ್ಪು ಕಲೆಸುತ್ತ ನನ್ನ ಕಡೆ ಬಾಗಿ, ಹಬ್ಬದ ಸುದ್ದಿ ಹೇಳುವವರ ಹಾಗೆ, "ಬೈದ್ರು ಮಗಳ. ಛಂದಾಗಿ ಬೈದ್ರು" ಎಂದರು.

ಆಗ ನನಗೆ ಹೆದರಿಕೆ ಹುಟ್ಟಿತು. ಉಪ್ಪು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಗಂಡನಿಗೆ ಇನ್ನೂ ತಿಳಿಯುತ್ತದೆಯೇ ಎಂದು ಕಾಕು ಪರೀಕ್ಷಿಸುತ್ತಿದ್ದರು.

ಅದಾದ ಮೇಲೆ ನಾನೂ ನೋಡತೊಡಗಿದೆ. ನೋಡಲು ತೊಡಗಿದರೆ ಎಲ್ಲವೂ ಕಾಣುತ್ತದೆ. ಚಹಾದ ಗಾಡಿಯವನಿಗೆ ಕಾಕಾ ಕನ್ನಡದಲ್ಲಿ ಹೇಳುತ್ತಿದ್ದರು. ಅವನು ಮೊದಮೊದಲು ಚೇಷ್ಟೆಯೆಂದುಕೊಂಡು ನಕ್ಕ. ಆಮೇಲೆ ನಗುವುದನ್ನು ಬಿಟ್ಟು ನನ್ನ ಕಡೆ ನೋಡಿದ. ಇಡೀ ಜನ್ಮ ಮರಾಠಿಯಲ್ಲಿ ಕೂಗಿದ ಮನುಷ್ಯನ ಬಾಯಿಂದ ಮರಾಠಿ ಒಂದೊಂದೇ ಮಾತಾಗಿ ಜಾರಿಹೋಗುತ್ತಿತ್ತು. ಮನೆಯೊಳಗೆ ಅದು ಗೊತ್ತಾಗುತ್ತಿರಲಿಲ್ಲ. ಹೊಸಿಲು ದಾಟಿದರೆ ಗೊತ್ತಾಗುತ್ತಿತ್ತು. ಕಾಕುವಿಗೆ ಅದರ ಅರ್ಥ ನನಗಿಂತ ಮೊದಲೇ ಹೊಳೆದಿತ್ತು. ಅವರು ಎಲ್ಲಿಗಾದರೂ ಹೋಗಿಬಿಟ್ಟರೆ ಕೇಳಲು ಮಾತಿಲ್ಲ, ಕೇಳಿದರೂ ತಿಳಿಯುವವರಿಲ್ಲ ಎಂದು ಒಂದು ದಿನ ಅಕ್ಕಿ ಆರಿಸುತ್ತ ನನಗೆ ಹೇಳಿದರು. ಉಮರಗಾದಲ್ಲಿರುವ ಮಗಳು ಮಹಾದೇವಿಗೆ ತಿಳಿಸೋಣವೇ ಎಂದೆ. ಬೇಡ ಎಂದು ಕೈ ಹಿಡಿದುಕೊಂಡರು. ತಿಳಿದರೆ ಆಕೆ ಇಂದೇ ಬಂದು ಕರೆದುಕೊಂಡು ಹೋಗುತ್ತಾಳೆ, ಅಳಿಯನ ಮನೆಯ ಪಡಸಾಲೆಯಲ್ಲಿ ಅವರು ಸಣ್ಣವರಾಗಿ ಕೂಡುವುದನ್ನು ನೋಡಲಾರೆ ಎಂದರು.

ಕಾಕಾ ಅವರನ್ನು ದವಾಖಾನೆಗೆ ಕರೆದೊಯ್ಯುವಾಗ ನಾನೂ ಜೊತೆಗೆ ಹೋದೆ. ಕೌಂಟರಿನ ಹುಡುಗಿ ಪೇಶಂಟಿನ ಹೆಸರೇನು ಎಂದು ಕಾಕುವನ್ನು ಮರಾಠಿಯಲ್ಲಿ ಕೇಳಿದಳು. ಕಾಕು ನನ್ನ ಮುಖ ನೋಡಿದರು. ಅವರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂಬ ನಂಬಿಕೆ ಅವರದು. ಮದುವೆಯಲ್ಲಿ ಹಿರಿಯರು ಬಾಗಿಲು ಅಡ್ಡಗಟ್ಟಿದಾಗ ಒಡಪಿನೊಳಗೆ ಅಡಗಿಸಿ ಒಂದು ಸಲ ಹೇಳಿದ್ದರಂತೆ, ಅಷ್ಟೇ. ರೇಶನ್ ಅಂಗಡಿಯಲ್ಲಿ ಕಾರ್ಡು ಮುಂದೆ ಹಿಡಿಯುತ್ತಿದ್ದರು. ಬ್ಯಾಂಕಿನಲ್ಲಿ ಪಕ್ಕದವರಿಂದ ಹೇಳಿಸುತ್ತಿದ್ದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಎದ್ದುನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ತಮ್ಮ ಹೆಸರನ್ನು ತಾವೇ ಕೂಗಿದರು.

"ಮಾಳಪ್ಪ ಧೂಳಪ್ಪ ಪೂಜಾರಿ, ಹಾಜರ್ ಆಹೇತ್ ಕಾ?"

ಕಾಯುತ್ತಿದ್ದವರೆಲ್ಲ ಬೆಚ್ಚಿ ನೋಡಿದರು. ಮೂಲೆಯಲ್ಲಿ ತೂಕಡಿಸುತ್ತಿದ್ದ ಒಬ್ಬ ರೈತ ಎದ್ದು ಟೊಪ್ಪಿಗೆ ತೆಗೆದು ನಿಂತುಬಿಟ್ಟ; ಎಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಿದ್ದನೋ. ಕಾಕಾ ನಕ್ಕರು, ಕೌಂಟರಿನ ಹುಡುಗಿ ನಕ್ಕಳು, ನಾನೂ ನಕ್ಕೆ.

ಒಳಗೆ ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ನಾನು ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದೆ. ಕಾಕಾ, "ಐತವಾರ ಅಲ್ಲ. ಐತವಾರ ಇದ್ದಿದ್ರ ನಾ ಇಲ್ಲಿ ಯಾಕ ಕೂಡ್ತಿದ್ದೆ?" ಎಂದರು. ಡಾಕ್ಟರು ಮೆಚ್ಚಿದರು. ಹೆಂಡತಿಯ ಹೆಸರು ಕೇಳಿದರು. ಕಾಕಾ "ನಮ್ಮ ಮನ್ಯಾಕಿ" ಎಂದರು. ಹೆಸರು, ಹೆಸರು ಎಂದು ಡಾಕ್ಟರು ಮತ್ತೆ ಕೇಳಿದರು. ಕಾಕಾ ತಲೆ ತಗ್ಗಿಸಿ ಧೋತರದ ಅಂಚು ತಿದ್ದತೊಡಗಿದರು. ಡಾಕ್ಟರು ಏನೋ ಬರೆದುಕೊಂಡರು.

ಹೊರಗೆ ಬಂದ ಮೇಲೆ ಕಾಕು ಸಿಟ್ಟಾದರು. "ಇವರು ನನ್ನ ಎಂದಾದ್ರೂ ಹೆಸರ ಹಿಡದು ಕರದಾರೇನು? ಮಾದೇವಿ ಅವ್ವ ಅಂದಾರ, ಏ ಅಂದಾರ. ಕಾಶವ್ವ ಅಂತ ಕರದಿಲ್ಲ. ಮರತಾರಂತ ಡಾಕ್ಟರ್ ಹ್ಯಾಂಗ ಬರದ?" ಅವರು ಹೇಳಿದ್ದು ಸರಿಯಾಗಿತ್ತು. ಆ ಮೌನ ಅದಬೋ ಮರೆವೋ, ಯಾರೂ ಹೇಳುವಂತಿರಲಿಲ್ಲ.

ಉಪ್ಪಿನ ಪರೀಕ್ಷೆ ಮುಂದುವರಿಯಿತು. ಎಲ್ಲ ಭಾನುವಾರವೂ ಅಲ್ಲ. ಯಾವಾಗ ಎಂದು ನನಗೂ ತಿಳಿಯುತ್ತಿರಲಿಲ್ಲ. ಮಳೆಗಾಲ ಮುಗಿದ ಹೊತ್ತಿನ ಒಂದು ಬೆಳಿಗ್ಗೆ ಕಾಕಾ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದು, ಬೆರಳು ನೆಕ್ಕಿ, "ಭಾಳ ಚಲೋ ಆಗ್ಯಾದ" ಎಂದರು. ನಾನು ಆಗಷ್ಟೇ ಮೊದಲ ತುತ್ತು ಇಟ್ಟುಕೊಂಡಿದ್ದೆ. ಉಪ್ಪಿರಲಿಲ್ಲ. ಕಾಕುವನ್ನು ನೋಡಿದೆ. ಅವರ ಕೈ ಸಂಚಿಯ ಮೇಲೆ ಇತ್ತು. ಪುಡಿಕೆ ಹೊರಗೆ ಬರಲಿಲ್ಲ. ಅವರು ತಮ್ಮ ತಟ್ಟೆ ಎತ್ತಿಕೊಂಡು ಸಪ್ಪಗಿನ ಸುಸ್ಲಾವನ್ನು ಕೊನೆಯವರೆಗೂ ತಿಂದರು. ನಾನೂ ತಿಂದೆ.

ಆ ದಿನದ ಮೇಲೆ ಕಾಕು ಸುಸ್ಲಾಕ್ಕೆ ಉಪ್ಪು ಹಾಕದೆ ಬಿಡಲಿಲ್ಲ.

ಬಗೀಚೆಯನ್ನೇ ಬಿಡಬಹುದಿತ್ತು. ನಾನು ಮೆಲ್ಲಗೆ ಸೂಚಿಸಿದೆ ಕೂಡ. ಭಾನುವಾರ ತಪ್ಪಿಸಿದರೆ ಅವರಿಗೆ ಉಳಿದ ವಾರವೇ ಸಿಗುವುದಿಲ್ಲ ಎಂದರು ಕಾಕು. ಹೀಗೆ ನಾವು ಹೋಗುತ್ತಲೇ ಇದ್ದೆವು. ಈಗ ನನ್ನ ಕಣ್ಣು ಕಾಕಾ ಅವರ ಬೆನ್ನಿನ ಮೇಲೆ, ಕಾಕುವಿನ ಕಣ್ಣು ಎರಡು ಗೇಟುಗಳ ಮೇಲೆ.

ನಡೆದದ್ದು ಬಹಳ ಸಣ್ಣದು. ಕಾಕುವಿನ ಚಪ್ಪಲಿಯ ಬಾರು ಕಿತ್ತಿತು. ಅವರು ಹಾದಿಯ ಅಂಚಿನಲ್ಲಿ ಕೂತರು, ನಾನು ನನ್ನ ದುಪ್ಪಟ್ಟಾದ ಪಿನ್ನು ತೆಗೆದು ಬಾರಿಗೆ ಚುಚ್ಚಲು ಬಾಗಿದೆ. ಪಿನ್ನು ಬಾಗಿಹೋಯಿತು. ಮತ್ತೆ ಪ್ರಯತ್ನಿಸಿದೆ. ತಲೆ ಎತ್ತಿದಾಗ ಹಾದಿ ತಿರುಗುವಲ್ಲಿ ಯಾರೂ ಇರಲಿಲ್ಲ.

ಅವರು ತಿರುಗಿ ನೋಡುವವರಲ್ಲ, ಇವರು ಹೆಸರು ಹಿಡಿದು ಕರೆಯುವವರಲ್ಲ. ಇಷ್ಟು ವರ್ಷ ಅದರಿಂದ ಏನೂ ಕೆಡುಕಾಗಿರಲಿಲ್ಲ.

ಬೆಂಚಿನ ಹತ್ತಿರ ಇರುತ್ತಾರೆ ಎಂದು ಮೊದಲು ಅಲ್ಲಿಗೆ ಹೋದೆವು. ಬೆಂಚು ಖಾಲಿ. ಭಜಿ ಗಾಡಿಯ ಹತ್ತಿರ ಇರಲಿಲ್ಲ. ನಾನು "ಕಾಕಾ" ಎಂದು ಕೂಗಿದೆ. ನಾಲ್ಕಾರು ಹಿರಿಯರು ಒಟ್ಟಿಗೆ ತಿರುಗಿ ನೋಡಿದರು. ಅವರಲ್ಲೊಬ್ಬರು ಹತ್ತಿರ ಬಂದು "ಕೋಣತೇ ಕಾಕಾ, ಬಾಳಾ?" ಎಂದು ಕೇಳಿದರು, ಯಾವ ಕಾಕಾ, ಮಗೂ, ಎಂದು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಎಂದು ಹೇಳುತ್ತಿರುವಾಗಲೇ ನನ್ನ ಮಾತು ನಿಂತಿತು. ಕೇಳುತ್ತಿದ್ದವರ ಮೈಮೇಲೂ ಅದೇ ಇತ್ತು. ನಿಲಂಗಾದಲ್ಲಿ ಆ ವಯಸ್ಸಿನ ಗಂಡಸರೆಲ್ಲರದೂ ಅದೇ ಉಡುಪು.

ನಾನು ಕೋರ್ಟಿನ ಕಡೆಯ ಗೇಟಿಗೆ ಓಡಿದೆ. ಹಳೆಯ ಹಾದಿ ಹಿಡಿದು ಅಲ್ಲಿಗೇ ಹೋಗಿರಬೇಕು ಎಂದು ನನಗೆ ಖಾತ್ರಿಯಿತ್ತು. ಕೋರ್ಟಿನ ಕಬ್ಬಿಣದ ಬಾಗಿಲಿಗೆ ಬೀಗ, ಮುಂದಿನ ಚಹಾದಂಗಡಿಗೂ ಬೀಗ, ಮೆಟ್ಟಿಲ ಮೇಲೆ ಒಂದು ನಾಯಿ. ಅಲ್ಲಿ ನಿಂತಾಗ ಬಸ್‌ಸ್ಟ್ಯಾಂಡಿನ ಧ್ವನಿವರ್ಧಕ ಕೇಳಿಸಿತು. ಉದಗೀರ, ಲಾತೂರ, ಉಮರಗಾ. ಕಾಕಾ ಫೋನು ಇಟ್ಟುಕೊಳ್ಳುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಎಲ್ಲಿ ಇಳಿಯುತ್ತಾರೆ? ಇಳಿದ ಊರಿನಲ್ಲಿ ಯಾವ ಮಾತಿನಲ್ಲಿ ಏನು ಕೇಳುತ್ತಾರೆ?

ತಿರುಗಿ ಓಡಿ ಬಂದಾಗ ಕಾಕು ಬಸ್ಸುಗಳು ಹೊರಳುವ ಜಾಗದ ಅಂಚಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಕಿತ್ತ ಚಪ್ಪಲಿ. ಪ್ಲಾಟ್‌ಫಾರಮಿನ ತುಂಬ ಬಿಳಿ ಟೊಪ್ಪಿಗೆಗಳು. ಉದಗೀರದ ಬಸ್ಸು ಇಂಜಿನ್ ಚಾಲೂ ಮಾಡಿ ನಿಂತಿತ್ತು; ಉಮರಗಾದ್ದು ಹಿಂದೆ ಸರಿಯುತ್ತಿತ್ತು. ಕಾಕು "ರೀ" ಎಂದರು. ಇನ್ನೊಮ್ಮೆ "ಏನ್ರೀ" ಎಂದರು. ಆ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ಕರೆದರೆ ತಿರುಗುವ ಮನುಷ್ಯ ಒಬ್ಬನೇ ಇದ್ದದ್ದು, ಮತ್ತು ಅವನು ತಿರುಗಲಿಲ್ಲ.

ಆಗ ಅವರು ಚಪ್ಪಲಿಯನ್ನು ನೆಲಕ್ಕಿಟ್ಟರು, ಡಬ್ಬಿಯನ್ನು ಅದರ ಪಕ್ಕಕ್ಕೆ. ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಹತ್ತಿರ ಹೋಗುವ ಮೊದಲೇ ಅದು ಅವರ ಬಾಯಿಂದ ಬಂತು.

"ಮಾಳಪ್ಪ ಧೂಳಪ್ಪ ಪೂಜಾರಿ, ಹಾಜರ್ ಆಹೇತ್ ಕಾ?"

ನಾಲ್ಕು ಹೆಜ್ಜೆ ಹಿಂದಿನಿಂದ "ಹೂಂ ರೀ" ಎಂದಷ್ಟೇ ಕೇಳಿದ್ದ ದನಿ ಅಷ್ಟು ದೂರ ಹೋಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಅವರೂ ಕುರಿಯ ಮನೆಯವರೇ ಅಲ್ಲವೇ. ಜನ ತಿರುಗಿದರು. ಒಬ್ಬ ಹುಡುಗಿ ನಕ್ಕಳು. ಯಾರೂ ಮುಂದೆ ಬರಲಿಲ್ಲ. ಕಾಕು ಎರಡನೆಯ ಸಲ ಕೂಗಿದರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಬರೋಬ್ಬರಿ. ಉದಗೀರದ ಬಸ್ಸಿನ ಕಂಡಕ್ಟರು ಗಂಟೆ ಹೊಡೆಯಲು ಹಗ್ಗಕ್ಕೆ ಕೈ ಹಾಕಿದ್ದ.

ಮೂರನೆಯದನ್ನು ಕಾಕು ಕೂಗಲಿಲ್ಲ. ಕೆಮ್ಮಿದರು. ಸೆರಗು ಸರಿ ಮಾಡಿಕೊಂಡರು. ಇನ್ನೊಮ್ಮೆ ಕೆಮ್ಮಿದರು. ಕೂಗಿ ಕಾಕು, ಬಸ್ಸು ಹೋಗುತ್ತದೆ ಎಂದು ನಾನು ಹೇಳಬೇಕೆಂದುಕೊಂಡೆ.

ಮೂರನೆಯ ಕೂಗು ಉದಗೀರದ ಬಸ್ಸಿನ ಆಚೆಯಿಂದ ಬಂತು.

ಅದೇ ಗಂಟಲು, ಅದೇ ಬಹುವಚನ. ನಾವು ಬಸ್ಸನ್ನು ಸುತ್ತುಹಾಕಿ ಓಡಿದೆವು. ಕಾಕಾ ಬಸ್ಸಿನ ಬಾಗಿಲ ಬಳಿ ನಿಂತಿದ್ದರು. ಹತ್ತಲು ಒಂದು ಕಾಲು ಇಟ್ಟವರು ಕೂಗುವುದಕ್ಕೆಂದು ಕೆಳಗೆ ಇಳಿದಿದ್ದರಂತೆ. ಕಂಡಕ್ಟರು ಆಮೇಲೆ ಹೇಳಿದ. ಕೋರ್ಟಿನ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ ನಿಂತು, ಜನರ ತಲೆಗಳ ಮೇಲಿಂದ ಆಸಾಮಿಯನ್ನು ಹುಡುಕುತ್ತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಯಾರೂ ಬರಲಿಲ್ಲ. ಅವರ ಮುಖ ಬಾಡಿತು. ಎದುರಿಗೆ ನಿಂತ ನನ್ನನ್ನು ಕಂಡು, ಕಚೇರಿಯ ಕಾರಕೂನನಿಗೆ ಹೇಳುವ ಹಾಗೆ ಹೇಳಿದರು.

"ಮೂರೂ ಆದ್ವು. ಬರ್ಲಿಲ್ಲ. ಆಸಾಮಿ ಗೈರಹಾಜರ್ ಅಂತ ಬರ್ಕೋರಿ."

"ಬರ್ಕೋಬ್ಯಾಡ ಮಗಳ," ಎಂದರು ಕಾಕು. ನಾನು ನಿಜವಾಗಿಯೂ ಏನೋ ಬರೆಯಲು ಹೊರಟಿದ್ದೇನೆ ಎಂಬಂತೆ ನನ್ನ ಕೈ ಹಿಡಿದುಬಿಟ್ಟರು. ಆಮೇಲೆ ಅವರ ಕಡೆ ತಿರುಗಿ, "ಬಂದಾರ ರೀ. ಇಲ್ಲೇ ಅದಾರ. ನಾ ಕರ್ಕೊಂಡು ಬಂದೀನಿ" ಎಂದರು.

ಕಾಕಾ ಕಾಕುವಿನ ಬೆನ್ನ ಹಿಂದೆ ಇಣುಕಿ ನೋಡಿದರು.

"ಎಲ್ಲಿ?"

ಕಾಕು ನನ್ನ ಕೈ ಬಿಟ್ಟು ಅವರ ಕೈ ಹಿಡಿದುಕೊಂಡರು. ಮನೆಯವರೆಗೂ ಬಿಡಲಿಲ್ಲ. ಹಾದಿಯುದ್ದಕ್ಕೂ ಒಂದೇ ಕಾಲಿನಲ್ಲಿ ಚಪ್ಪಲಿ. ಇನ್ನೊಂದನ್ನು ಅಲ್ಲೇ ಬಿಟ್ಟು ಬಂದಿದ್ದರು. ಡಬ್ಬಿಯನ್ನು ನಾನು ಎತ್ತಿಕೊಂಡಿದ್ದೆ. ಇನ್ನೂ ಬೆಚ್ಚಗಿತ್ತು.

ಕಾಕಾ ಮಧ್ಯಾಹ್ನದ ಹೊತ್ತಿಗೆ ಎಂದಿನಂತಾದರು. ಬೆಕ್ಕನ್ನು ಮೂರು ಸಲ ಕರೆದರು. ಕಾಕು ಎಂದಿನಂತಾಗಲಿಲ್ಲ. ಸಿಕ್ಕರೆಂಬ ಸಮಾಧಾನ ಒಂದು ಗಳಿಗೆಯೂ ಉಳಿದಿರಲಿಲ್ಲ. "ನಡು ರಸ್ತಾದಾಗ ಹೆಸರ ತಗೊಂಡೀನಿ, ಮಗಳ. ಎರಡು ಸಲ ನಾ ಕೂಗೀನಿ. ಮೂರನೇದು ಅವರೇ ಕೂಗ್ಯಾರ, ತಮಗ ತಾವೇ" ಎಂದು ಒಲೆಯ ಮುಂದೆ ಕೂತು ಹೇಳಿದರು. ಮರುದಿನ ವಲಾಂಡಿಗೆ ಹೋಗಿ ಬೀರಪ್ಪನ ಗುಡಿಯಿಂದ ಭಂಡಾರದ ಅರಿಸಿನ ತಂದು ಗಂಡನ ಹಣೆಗೆ ಹಚ್ಚಿದರು. ಆ ಹಳದಿ ಒಂದು ವಾರ ಅವರ ಹುಬ್ಬಿನ ಮೇಲೆ ಇತ್ತು. ಹೆಸರಿಗೂ ಆಯುಷ್ಯಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಆ ವಾರ ಕಾಕಾ ಕೆಮ್ಮಿದಾಗಲೆಲ್ಲ ನಾನು ಮೇಲಿನ ಕೋಣೆಯಲ್ಲಿ ಪುಸ್ತಕ ಮುಚ್ಚಿ ಕಿವಿಗೊಡುತ್ತಿದ್ದೆ.

ಮುಂದಿನ ಭಾನುವಾರ ಕಾಕು ಡಬ್ಬಿ ತುಂಬಿಕೊಂಡು ಹೊರಟೇಬಿಟ್ಟರು. ನನಗೆ ಆಶ್ಚರ್ಯವಾಯಿತು. ಈಗ ಅವರು ಮುಂದೆ, ಅವರ ಸೆರಗಿನ ತುದಿ ಹಿಡಿದುಕೊಂಡು ಕಾಕಾ ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ಕಾಕು ತಿರುಗಿ ನೋಡುತ್ತಿದ್ದರು. "ಕುತಿಗಿ ಹೊಳ್ಳತದ" ಎಂದು ಕಾಕಾ ಚುಚ್ಚಿದರು. "ಹೊಳ್ಳಲಿ" ಎಂದರು ಕಾಕು. ಬೆಂಚಿನ ಮೇಲೆ ಕೂತು, ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಅವರ ಪೂರ್ತಿ ಹೆಸರನ್ನು ಕೋರ್ಟಿನ ರೀತಿಯಲ್ಲೇ ಕೂಗಿದರು. ಕಾಕಾ ಥಟ್ಟನೆ "ಹಾಜರ್" ಎಂದು ನಕ್ಕರು. ಆಗ ಕಾಕು ಮುಚ್ಚಳ ತೆಗೆದರು.

ಹೇಗೂ ಹೆಸರು ಹೊರಗೆ ಬಿದ್ದಿದೆ, ಇನ್ನು ಅದರಿಂದಲೇ ಅವರನ್ನು ಹಿಡಿದಿಟ್ಟುಕೊಳ್ಳುತ್ತೇನೆ ಎಂದು ಅವರು ಲೆಕ್ಕ ಹಾಕಿದ್ದರು. ಹೆದರಿಕೆ ಹೋಗಿರಲಿಲ್ಲ. ಪ್ರತಿ ಸಲ ಹೆಸರು ಹೇಳುವ ಮುಂಚೆ ಅವರ ಬೆರಳು ಸಂಚಿಯೊಳಗಿನ ಭಂಡಾರವನ್ನು ಮುಟ್ಟುತ್ತಿತ್ತು. ಒಮ್ಮೆ ಉಪ್ಪಿನ ಪುಡಿಕೆ ಇರುತ್ತಿದ್ದ ಜಾಗವದು.

ಚಳಿಗಾಲದ ತನಕ ಕಾಕಾ ಮೊದಲ ಕೂಗಿಗೇ ಓಗೊಡುತ್ತಿದ್ದರು. ಆಮೇಲೆ ಕೆಲವು ಸಲ ಎರಡನೆಯದು ಬೇಕಾಗುತ್ತಿತ್ತು. ಅಷ್ಟರಲ್ಲಿ ನನಗೆ ಉದಗೀರದಲ್ಲಿ ಕಾಯಂ ಕೆಲಸ ಸಿಕ್ಕಿತು. ಹೊರಡುವ ದಿನ ಕಾಕಾ ಅಂಗಳದಲ್ಲಿ ನಿಂತು "ಮಾಸ್ತರಬಾಯಿ" ಎಂದು ಒಂದೇ ಸಲ ಕರೆದು ಸುಮ್ಮನಾದರು. ಉಳಿದೆರಡನ್ನು ಕೇಳಲು ನಾನು ರಿಕ್ಷಾದ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.

ಕೊನೆಯ ಸಲ ಅವರನ್ನು ನೋಡಿದ್ದು ಈಚೆಗೆ, ಒಂದು ಭಾನುವಾರ. ಉದಗೀರದಿಂದ ಮೊದಲ ಬಸ್ಸಿಗೆ ಹೋದೆ. ಇಬ್ಬರೂ ಬಗೀಚೆಯಲ್ಲಿ ಸಿಕ್ಕರು. ಕಾಕಾ ಬಹಳ ಇಳಿದಿದ್ದರು. ಕಾಕುವಿನ ಸೆರಗಿನ ತುದಿಯನ್ನು ಅವರ ಮಣಿಕಟ್ಟಿಗೆ ಸುತ್ತಿ ಕಟ್ಟಿತ್ತು. ನನ್ನನ್ನು ನೋಡಿ ನಮಸ್ಕಾರ ಮಾಡಿದರು, ಬಹಳ ಗೌರವದಿಂದ, ಯಾರೋ ಸಾಹೇಬರ ಮನೆಯವಳೆಂಬಂತೆ. ಒಂದು ಸುತ್ತು ಹಾಕಲು ಮೊದಲಿಗಿಂತ ಎಷ್ಟೋ ಹೊತ್ತು ಹಿಡಿಯಿತು. ಬೆಂಚಿಗೆ ಬಂದು ಕೂತೆವು. ಬೇವಿನ ಎಲೆ ಉದುರುತ್ತಿತ್ತು.

ಕಾಕು ಡಬ್ಬಿಯ ಮೇಲೆ ಕೈಯಿಟ್ಟು ಹೆಸರು ಕೂಗಿದರು. ಕಾಕಾ ಜೋಕಾಲಿಯ ಕಡೆ ನೋಡುತ್ತಿದ್ದರು. ಕಾಕು ಎರಡನೆಯ ಸಲ ಕೂಗಿದರು, ಇನ್ನೂ ಮೆಲ್ಲಗೆ, ಇನ್ನೂ ಅದಬಿನಿಂದ. ಕಾಕಾ ಹೆಂಡತಿಯ ಕಡೆ ತಿರುಗಿ ಕುತೂಹಲದಿಂದ ಕಾದರು; ಕರೆಸಿಕೊಂಡವನು ಯಾವ ಕಡೆಯಿಂದ ಬರುತ್ತಾನೋ ನೋಡೋಣ ಎಂಬಂತೆ.

ಕಾಕು ಕೆಮ್ಮಿದರು. ಸೆರಗು ಸರಿ ಮಾಡಿಕೊಂಡರು. ಬಸ್‌ಸ್ಟ್ಯಾಂಡಿನ ಧ್ವನಿವರ್ಧಕ ಯಾವುದೋ ಊರಿನ ಹೆಸರು ಹೇಳಿ ನಿಂತಿತು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದೆ. ಆಗ ಕಾಕು ಮುಚ್ಚಳ ತೆಗೆದು, ಸುಸ್ಲಾ ಹಾಕಿ, ನಿಂಬೆ ಹಿಂಡಿ, ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟರು.

ಮೂರನೆಯದು, ಎಂದು ನಾನು ಕೇಳಿರಬೇಕು. ಅಥವಾ ನನ್ನ ಮುಖ ಕೇಳಿರಬೇಕು.

"ಅದನ್ನ ನಾ ಕೂಗಂಗಿಲ್ಲ, ಮಗಳ" ಎಂದರು ಕಾಕು, ಗೇಟಿನ ಕಡೆ ನೋಡುತ್ತ. "ಚಾ ಕುಡೀಲಕ ಹೋಗಿರ್ತಾರ. ಬರ್ತಾರ."